ಮಿತವ್ಯಯದಲ್ಲಿ ಡಿಸ್ಕ್ ಬ್ರೇಕು
ಪೀಣ್ಯದ ಕಾರ್ಖಾನೆಗಳಿಗೆ ಮೌಂಟನ್ ಬೈಸಿಕಲ್ಲಿನಲ್ಲಿ ಹೋಗಿಬರುವವರು ಮಳೆಗಾಲದಲ್ಲಿ, ಲಾರಿಗಳ ನಡುವೆ, ಬ್ರೇಕನ್ನೇ ನಂಬಿರಬೇಕು. ರಿಮ್ಮು ನೆನೆದರೆ ರಬ್ಬರು ಜಾರುವುದು. ಡಿಸ್ಕಾದರೋ ಚಕ್ರದ ನಡುವೆ, ಕೆಸರಿಗೆ ದೂರವಾಗಿರುವುದರಿಂದ ಬೇಗ ಹಿಡಿಯುವುದು.

ಹಣ ವೆಚ್ಚಮಾಡುವ ಮುನ್ನ ನಾವು ಎರಡು ಸಂಗತಿಗಳನ್ನು ನೋಡತಕ್ಕದ್ದು. ಮುಂದಿನ ಫೋರ್ಕಿನಲ್ಲಿ ಕ್ಯಾಲಿಪರನ್ನು ಬಿಗಿಯುವ ಸ್ಥಾನವುಂಟೆ? ಹಬ್ಬಿನಲ್ಲಿ ಡಿಸ್ಕನ್ನು ಕೂರಿಸುವ ತಿರುಪುಗಳಿಗೆ, ಸಾಮಾನ್ಯವಾಗಿ 6, ರಂಧ್ರಗಳುಂಟೆ? ಎರಡೂ ಇದ್ದಲ್ಲಿ ತಂತಿಯಿಂದೆಳೆಯುವ ಬ್ರೇಕನ್ನು ಮುಂದಿನ ಚಕ್ರಕ್ಕೆ ಮಾತ್ರ ಹಾಕಿಸಿದರೂ ಸಾಕು. ನಿಲ್ಲಿಸುವ ಭಾರ ಬಹುಮಟ್ಟಿಗೆ ಅದರ ಮೇಲೆಯೇ ಬೀಳುವುದು. ಹಳೆಯ ಹಿಡಿಗೆ ಹೊಂದುವ ಕ್ಯಾಲಿಪರನ್ನೇ ಕೇಳಿ ಕೊಂಡರೆ ಹಿಡಿಯ ಬೆಲೆಯೂ ಉಳಿಯುವುದು. ಹಬ್ಬಿನಲ್ಲಿ ಮಾತ್ರ ಕೊರತೆಯಿದ್ದರೆ ಚಕ್ರವನ್ನು ಬದಲಿಸಬಹುದು.

ಫೋರ್ಕಿನಲ್ಲಿಯೇ ಸ್ಥಾನವಿಲ್ಲದಿದ್ದರೆ ಬೆಸುಗೆಯ ಸಾಹಸ ಬೇಡ. ಅದು ಮುರಿದರೆ ಪ್ರಾಣಾಪಾಯ. ಹೊಸ ರಬ್ಬರು ಹಾಕಿಸಿ, ರಿಮ್ಮನ್ನೊರಸಿ, ನಿಧಾನವಾಗಿ ಸಾಗುವುದೇ ಮೇಲು. ಸಂಜೆ ದುಡಿದವನು ಕ್ಷೇಮವಾಗಿ ಮನೆ ಸೇರುವುದಕ್ಕಿಂತ ದೊಡ್ಡ ಉಳಿತಾಯವು ನಮಗೆ ತೋರದು.