ಎತ್ತಿನ ಗಾಡಿಯ ಪಾಠಾಂತರ

ಒಂದು ವಾದ್ಯಕ್ಕಾಗಿ ಹುಟ್ಟಿದ ಕೃತಿ ಬೇರೆ ವಾದ್ಯಗಳಿಗೆ ಸಾಗಿದಾಗ ಉಳಿಯುವುದೇನು, ಹೊಸದಾಗಿ ಸೇರುವುದೇನು? ಬೆಳಗಾವಿಯ ರಸಿಕರಿಗೆ ಈ ಪ್ರಶ್ನೆ ಹೊಸದಲ್ಲ. ಕಂಠದ ಗಾಯನವನ್ನು ಹಾರ್ಮೋನಿಯಂ ಮೇಲೆ ಮೂಡಿಸಿದ ಪಂಡಿತ ರಾಮಭಾವು ವಿಜಾಪುರೆಯವರು (1917–2010) ಈ ಊರಿನಲ್ಲಿಯೇ ನೆಲೆಸಿ ಶಿಷ್ಯರನ್ನು ಬೆಳೆಸಿದರು. ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯವೆಂಬ ಆಕ್ಷೇಪ ಹಾರ್ಮೋನಿಯಂ ಮೇಲಿತ್ತು. 1940ರಲ್ಲಿ ಅದನ್ನು ದೂರವಿರಿಸಿದ ಆಕಾಶವಾಣಿ 1971ರವರೆಗೂ ನಿಷೇಧವನ್ನು ಸಡಿಲಿಸಲಿಲ್ಲ.

ಪಿಯಾನೋವಿನ ಕೊರತೆ ಬೇರೆ ಬಗೆಯದು. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಇರುವವರೆಗೂ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ತಗುಲಿದ ಕ್ಷಣದಿಂದಲೇ ನಾದ ಕರಗತೊಡಗುತ್ತದೆ. ಉಳಿದುದನ್ನು ಕೇಳುವವನ ಕಲ್ಪನೆಯೇ ತುಂಬಬೇಕು. ವಾದ್ಯವೃಂದದ ಪಿಟೀಲು, ಕೊಳಲು, ಕಹಳೆಗಳಾದರೋ ಸ್ವರವನ್ನು ಹಿಡಿದು ನಿಲ್ಲಿಸಬಲ್ಲವು, ಬೆಳೆಸಬಲ್ಲವು. ಆದುದರಿಂದ ಪಿಯಾನೋ ಕೃತಿಯನ್ನು ವೃಂದಕ್ಕೆ ಹೊಂದಿಸುವವನು ಮೂಲ ಹೇಳದೆ ಬಿಟ್ಟುದಕ್ಕೂ ಅರ್ಥ ಹೇಳಬೇಕಾಗುತ್ತದೆ. ಅವನು ಬರಿಯ ನಕಲುಗಾರನಲ್ಲ, ವ್ಯಾಖ್ಯಾನಕಾರ.

ರಷ್ಯದ ಮುಸೋರ್ಗ್‌ಸ್ಕಿ ತೀರಿಹೋದ ಗೆಳೆಯ ಹಾರ್ಟ್‌ಮನ್ನನ ಚಿತ್ರಗಳ ಪ್ರದರ್ಶನವನ್ನು ನೆನೆದು 1874ರಲ್ಲಿ ಪಿಯಾನೋಗೆಂದು ಒಂದು ಕೃತಿ ರಚಿಸಿದ. ‘ಪ್ರದರ್ಶನದ ಚಿತ್ರಗಳು’ ಎಂಬ ಅದನ್ನು ಫ್ರಾನ್ಸಿನ ರವೇಲ್ 1922ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿದ. ಅದರಲ್ಲಿ ಪೋಲೆಂಡಿನ ಎತ್ತಿನ ಗಾಡಿಯ ಚಿತ್ರವೊಂದುಂಟು.

ಖಾನಾಪುರದ ಕಡೆಯ ಹಾದಿಗಳಲ್ಲಿ ಗಾಡಿಯ ಸದ್ದು ಕೇಳಿದವರಿಗೆ ಇಲ್ಲಿನ ಸೂಕ್ಷ್ಮ ಬೇಗನೆ ತಿಳಿದೀತು. ಗಾಡಿ ದೂರದಿಂದ ಬರುವಾಗ ಮೊದಲು ಎತ್ತುಗಳ ಕೊರಳ ಗಂಟೆ, ಬಳಿಕ ಅಚ್ಚಿನ ಕಿರುಗುಟ್ಟುವಿಕೆ, ಕೊನೆಗೆ ಗಾಲಿಯ ಭಾರ ಕಿವಿಗೆ ತಾಕುತ್ತವೆ. ರವೇಲನ ಗಾಡಿಯೂ ಹಾಗೆಯೇ: ಟ್ಯೂಬಾದ ಮೆಲುದನಿಯಲ್ಲಿ ಮೊದಲಾಗಿ, ಹತ್ತಿರ ಬಂದು ಮೊಳಗಿ, ಮತ್ತೆ ದೂರವಾಗುತ್ತದೆ. ಆದರೆ ಮುಸೋರ್ಗ್‌ಸ್ಕಿಯ ಹಸ್ತಪ್ರತಿಯಲ್ಲಿ ಗಾಡಿ ದೂರದಿಂದ ಬರುವುದೇ ಇಲ್ಲ. ಮೊದಲ ಸ್ವರದಲ್ಲಿಯೇ ಗಟ್ಟಿದನಿಯೊಡನೆ ನಮ್ಮ ಬಾಗಿಲಲ್ಲಿರುತ್ತದೆ. ಈ ಮಾರ್ಪಾಟು ರವೇಲನದಲ್ಲ. 1886ರಲ್ಲಿ ಕೃತಿ ಮೊದಲು ಅಚ್ಚಾದಾಗ ಸಂಪಾದಕ ರಿಮ್‌ಸ್ಕಿ-ಕೊರ್ಸಾಕೊವ್ ಆ ದನಿಯನ್ನು ತಗ್ಗಿಸಿದ್ದ. ರವೇಲನ ಮುಂದಿದ್ದುದು ಆ ಪಾಠ. ಹಸ್ತಪ್ರತಿಯನ್ನು ಅನುಸರಿಸಿದ ಆವೃತ್ತಿ ಹೊರಬಂದುದು 1931ರಲ್ಲಿ.

ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಬೋಧಿಸುವ ನನಗೆ ಇದು ಚಿರಪರಿಚಿತವಾದ ಕಥೆ. ಓಲೆಗರಿಯ ಲಿಪಿಕಾರ ತಿದ್ದಿದ ಒಂದೇ ಅಕ್ಷರ ಪದ್ಯದ ಭಾವವನ್ನು ತಿರುಗಿಸಿಬಿಡಬಹುದು. ಗಮಕಿಯೊಬ್ಬರು ಆ ಪಾಠವನ್ನೇ ರಾಗವಾಗಿ ವಾಚಿಸಿದರೆ ಸಭೆಗೆ ಅದೇ ಕವಿಯ ಮಾತಾಗುತ್ತದೆ.

ಹಾಗಾದರೆ ಇಂದಿನ ವೃಂದನಿರ್ದೇಶಕ ಮಾಡಬೇಕಾದುದೇನು? ಟ್ಯೂಬಾವನ್ನು ಮೊದಲಿನಿಂದಲೇ ಗಟ್ಟಿಯಾಗಿ ನುಡಿಸಿದರೆ ಮುಸೋರ್ಗ್‌ಸ್ಕಿಗೆ ನ್ಯಾಯ ದೊರೆತೀತು. ಆದರೆ ದೂರದಿಂದ ಬರುವ ಗಾಡಿಗಾಗಿ ರವೇಲ್ ಕಟ್ಟಿದ ವಾದ್ಯಗಳ ಜೋಡಣೆ ಕುಸಿದೀತು. ರವೇಲನನ್ನು ಬರೆದಂತೆಯೇ ನುಡಿಸಲಿ ಎಂಬುದು ನನ್ನ ಮತ. ಆದರೆ ಪಿಯಾನೋದ ಎಡಗೈ ಹೊತ್ತುಕೊಂಡು ನಡೆಯುವ ಭಾರ ಆ ಮೆಲುದನಿಯಲ್ಲಿಯೂ ಉಳಿಯಬೇಕು. ಗಾಯಕನ ಕಂಠವನ್ನು ಮರೆಯದ ಹಾರ್ಮೋನಿಯಂ ವಾದಕನಂತೆ, ವೃಂದವೂ ತನ್ನ ಮೂಲವಾದ್ಯವನ್ನು ಮರೆಯಬಾರದು. ಮೆಲ್ಲಗೆ ಎಂದರೆ ಹಗುರವಾಗಿ ಎಂದಲ್ಲ. ದೂರದಲ್ಲಿದ್ದಾಗಲೂ ಗಾಡಿಯ ಮೇಲಿನ ಹೇರು ಅಷ್ಟೇ ಇರುತ್ತದೆ.