ಕಡಲನ್ನರಸಿ ಹೊರಟ ಸೇತುವೆ

ಸಮುದ್ರಸ್ನಾನಕ್ಕೆಂದು ಬಂದವರಿಗೆ ಸಮುದ್ರವೇ ಕಾಣದಿದ್ದರೆ ಹೇಗಾದೀತು? ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಸೌತ್ ಎಂಡ್‌ನಲ್ಲಿ ದಿನಕ್ಕೆರಡು ಬಾರಿ ಆಗುವುದು ಇದೇ. ಥೇಮ್ಸ್ ನದಿ ಕಡಲನ್ನು ಕೂಡುವ ಅಳಿವೆಯಲ್ಲಿದೆ ಈ ಊರು. (ಬೆಂಗಳೂರಿನ ಸೌತ್ ಎಂಡ್ ವೃತ್ತಕ್ಕೂ ಇದಕ್ಕೂ ನಂಟಿಲ್ಲ, ಪ್ರಿಟಲ್‌ವೆಲ್ ಎಂಬ ಹಳೆಯ ಗ್ರಾಮದ ದಕ್ಷಿಣದ ಕೊನೆಯಾದ್ದರಿಂದ ಆ ಹೆಸರು.) ಉಬ್ಬರ ಇಳಿಯಿತೆಂದರೆ ನೀರು ಸುಮಾರು ಒಂದು ಮೈಲಿ ಹಿಂದೆ ಸರಿದು, ದಡದ ಮುಂದೆ ಕಣ್ಣು ಹರಿಯುವಷ್ಟು ದೂರ ಬೂದುಬಣ್ಣದ ಕೆಸರು ಮಾತ್ರ ಉಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನವರಿಗೆ ಕಡಲತೀರದ ಹುಚ್ಚು ಹಿಡಿಯಿತು. ಆದರೆ ಅವರನ್ನು ಹೊತ್ತು ಬರುವ ಸ್ಟೀಮರುಗಳು ಈ ಕೆಸರಿನ ಬಳಿ ಸುಳಿಯುವಂತಿರಲಿಲ್ಲ. ಸೌತ್ ಎಂಡನ್ನು ದಾಟಿ ಎದುರು ದಡದ ಮಾರ್ಗೇಟಿಗೆ ಹೊರಟುಹೋಗುತ್ತಿದ್ದವು. ಕಡಲು ಊರಿಗೆ ಬಾರದಿದ್ದರೆ ಊರೇ ಕಡಲಿಗೆ ಹೋಗಬೇಕಷ್ಟೆ. ಲಂಡನ್ನಿನ ಮೇಯರಾಗಿದ್ದ ಸರ್ ವಿಲಿಯಂ ಹೇಗೇಟ್ ಮುಂದಾಳಾಗಿ ನಿಂತು ಪಾರ್ಲಿಮೆಂಟಿನ ಒಪ್ಪಿಗೆ ಪಡೆದರು. 1830ರಲ್ಲಿ ಮರದ ಪಿಯರ್, ಎಂದರೆ ಕಡಲೊಳಗೆ ಚಾಚಿದ ಧಕ್ಕೆ, ತೆರೆಯಿತು. ಉದ್ದ 600 ಅಡಿ. ಇಳಿತದ ಹೊತ್ತಿನಲ್ಲಿ ಅದರ ತುದಿಯೂ ಕೆಸರಿನಲ್ಲೇ! ಮತ್ತೆ ಮತ್ತೆ ಬೆಳೆಸುತ್ತ ಹೋಗಿ, 1848ರ ವೇಳೆಗೆ 7,000 ಅಡಿಯಾದಾಗ ಯೂರೋಪಿನಲ್ಲೇ ಅತಿ ಉದ್ದವಾದದ್ದೆಂಬ ಕೀರ್ತಿ ಬಂತು.

ಮರ ಎಷ್ಟು ದಿನ ಉಪ್ಪುನೀರನ್ನು ತಾಳೀತು? ಜೇಮ್ಸ್ ಬ್ರನ್‌ಲೀಸ್ ಎಂಬ ಇಂಜಿನಿಯರ್ ರೂಪಿಸಿದ ಕಬ್ಬಿಣದ ಪಿಯರ್ 1889ರಲ್ಲಿ ಸಿದ್ಧವಾಯಿತು. ಮರುವರ್ಷವೇ ಅದರ ಮೇಲೆ ವಿದ್ಯುತ್ ರೈಲು ಓಡಿತು. ಇಂದು ಅದರ ಉದ್ದ 7,080 ಅಡಿ, ಎರಡು ಕಿಲೋಮೀಟರಿಗೂ ಮಿಗಿಲು. ವಿಹಾರಕ್ಕೆಂದು ಕಟ್ಟಿದ ಪಿಯರುಗಳಲ್ಲಿ ಪ್ರಪಂಚದಲ್ಲೇ ಇದಕ್ಕಿಂತ ಉದ್ದವಾದದ್ದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ವಿಹಾರಿಗಳನ್ನು ಹೊರಗಟ್ಟಿ ನೌಕಾಪಡೆ ಅದನ್ನು ವಶಪಡಿಸಿಕೊಂಡಿತು. ಹೆಸರು ಎಚ್.ಎಂ.ಎಸ್. ಲೀ ಎಂದಾಯಿತು. ಬೆಂಗಾವಲಿನಲ್ಲಿ ಗುಂಪುಗುಂಪಾಗಿ ಸಾಗುವ ಸರಕು ಹಡಗುಗಳಿಗೆ ಅಪ್ಪಣೆ ದೊರೆಯುತ್ತಿದ್ದುದು ಇಲ್ಲಿಂದಲೇ. ಹಾಗೆ ಸಾಗಿದ ಹಡಗುಗಳ ಲೆಕ್ಕ 84,297. ಯುದ್ಧ ಮುಗಿದು ಬಾಗಿಲು ತೆರೆದಾಗ ಜನ ಉಕ್ಕಿ ಬಂದರು. ರಂಗಮಂದಿರ, ಕಾಫಿಗೃಹಗಳು, ನೋಡುವವರನ್ನು ಕುಳ್ಳಗೂ ಲಂಬೂವಾಗಿಯೂ ಮಾಡುವ ಕನ್ನಡಿಗಳ ಕೋಣೆ, ಹಸಿರು ಮತ್ತು ಕೆನೆ ಬಣ್ಣದ ಹೊಸ ರೈಲು! 1949-50ರ ಸಾಲಿನಲ್ಲಿ ಬಂದವರು 50 ಲಕ್ಷಕ್ಕೂ ಮೀರಿ.

ಆಮೇಲೆ ಶನಿ ಹೆಗಲೇರಿತೆನ್ನಬೇಕು. 1959ರಲ್ಲಿ ದಡದ ಕಡೆಯ ಪೆವಿಲಿಯನ್ ಹೊತ್ತಿಕೊಂಡಾಗ ಸುಮಾರು 500 ಮಂದಿ ಬೆಂಕಿಗೂ ಕಡಲಿಗೂ ನಡುವೆ ಸಿಕ್ಕಿಬಿದ್ದರು. ದೋಣಿಗಳು ಬಂದು ಅವರನ್ನು ಇಳಿಸಿಕೊಂಡವು. 1976ರಲ್ಲಿ ತುದಿಯ ಕಟ್ಟಡಗಳು ಭಸ್ಮವಾದವು. 1978ರಲ್ಲಿ ರೈಲು ನಿಂತಿತು. 1980ರಲ್ಲಿ ನಗರಸಭೆ ಪಿಯರನ್ನೇ ಮುಚ್ಚುವುದಾಗಿ ಸಾರಿತು. ಹಣದ ಲೆಕ್ಕ ಹಿಡಿದರೆ ಅದು ತಪ್ಪೂ ಅಲ್ಲ. ಕಡಲಿನ ನಡುವೆ ಕಬ್ಬಿಣವನ್ನು ಕಾಯುವುದು ಬಿಳಿಯಾನೆ ಸಾಕಿದಂತೆಯೇ. ಆದರೆ ಊರಿನವರು ಒಪ್ಪಲಿಲ್ಲ. ಕೂಗೆದ್ದಿತು, ನಿರ್ಧಾರ ಹಿಂದಕ್ಕೆ ಸರಿಯಿತು, ದುರಸ್ತಿಗೆ ಹಣವೂ ಒದಗಿತು. 1986ರ ಮೇ ತಿಂಗಳಿನಲ್ಲಿ ರಾಜಕುಮಾರಿ ಆನ್ ಹೊಸ ರೈಲುಗಳಿಗೆ ಚಾಲನೆ ಕೊಟ್ಟರು. ಒಂದಕ್ಕೆ ಹೇಗೇಟರ ಹೆಸರು, ಇನ್ನೊಂದಕ್ಕೆ ಪಿಯರುಗಳ ಪರವಾಗಿ ದನಿಯೆತ್ತಿದ್ದ ಕವಿ ಜಾನ್ ಬೆಚಮನ್‌ರ ಹೆಸರು. ಎರಡು ತಿಂಗಳು ತುಂಬುವಷ್ಟರಲ್ಲೇ ಕಿಂಗ್ಸ್‌ಅಬೆ ಎಂಬ ಹಡಗು ಬಂದು ಅಪ್ಪಳಿಸಿ, ತುದಿಯ ಹತ್ತಿರ ಪಿಯರನ್ನು ಸೀಳಿಕೊಂಡು ಹೋಯಿತು! ಅದನ್ನೂ ಬೆಸೆದರು. 1995ರಲ್ಲಿ ಒಮ್ಮೆ, 2005ರಲ್ಲಿ ಮತ್ತೊಮ್ಮೆ ಬೆಂಕಿ ಬಿತ್ತು. 2012ರಲ್ಲಿ ತುದಿಗೆ ಹೊಸ ಭವನವೊಂದು ಬಂತು. ಟಿಲ್‌ಬರಿಯಲ್ಲಿ ಇಡಿಯಾಗಿ ಕಟ್ಟಿ, ನೀರಿನ ಮೇಲೆ ತೇಲಿಸಿ ತಂದು, ಕ್ರೇನಿನಿಂದ ಎತ್ತಿಟ್ಟದ್ದು.

ಸೌತ್ ಎಂಡಿಗೆ ಮಹಾನಗರದ ಪಟ್ಟ ದೊರಕಿಸಲು ವರ್ಷಗಟ್ಟಲೆ ಹೆಣಗಿದವರು ಅಲ್ಲಿನ ಪಾರ್ಲಿಮೆಂಟ್ ಸದಸ್ಯ ಸರ್ ಡೇವಿಡ್ ಏಮಿಸ್. ಅವರು 2021ರಲ್ಲಿ ಕೊಲೆಯಾದರು. ಅವರ ನೆನಪಿಗಾಗಿಯೇ ಪಟ್ಟ ಬಂತು. 2022ರಲ್ಲಿ ಪಿಯರಿನ ಹೊಸ ವಿದ್ಯುತ್ ರೈಲೊಂದಕ್ಕೆ ಅವರ ಹೆಸರಿಟ್ಟರು.

ನಡೆಯಬಲ್ಲವರಿಗೆ ರೈಲಿಗಿಂತ ಕಾಲುನಡಿಗೆಯೇ ಲೇಸು. ದಡದ ಉಯ್ಯಾಲೆ, ರಾಟೆಗಳ ಗದ್ದಲ ಬೆನ್ನ ಹಿಂದೆ ಕ್ರಮೇಣ ಕರಗುತ್ತದೆ. ಹಲಗೆಗಳ ಸಂದಿನಲ್ಲಿ ಇಣುಕಿದರೆ ಕೆಳಗೆ ಮೊದಲು ಕೆಸರು, ಅದರಲ್ಲಿ ಮೇವು ಕೆದಕುವ ಹಕ್ಕಿಗಳು; ಬಹಳ ಹೊತ್ತಿನ ಮೇಲೆ ನೀರಿನ ತೆಳುವಾದ ಹೊಳಪು. ತುದಿಯಲ್ಲಿ ಗಾಳ ಹಾಕಿ ಕುಳಿತ ಮೀನುಪ್ರಿಯರು, ಸದಾ ಸಜ್ಜಾಗಿರುವ ಜೀವರಕ್ಷಕ ದೋಣಿಯ ಠಾಣೆ, ಒಂದು ಲೋಟ ಬಿಸಿ ಚಹ. ಲಂಡನ್ನಿನತ್ತ ಹೊರಟ ದೊಡ್ಡ ಹಡಗುಗಳು ಮುಂದೆಯೇ ಹಾದುಹೋಗುತ್ತವೆ. ಅವುಗಳ ಆಚೆ ಮಬ್ಬಾಗಿ ಕೆಂಟಿನ ದಡ.