ಸುಟ್ಟ ಕಾಡು ಬೇರಿನಿಂದ ಏಳುತ್ತದೆ

ಮಾಗಡಿ ತಾಲ್ಲೂಕಿನ ಸಾವನದುರ್ಗದ ಕಾಡಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ಹೊಸದೇನಲ್ಲ. ಫೆಬ್ರುವರಿ ಕಳೆಯುವ ಹೊತ್ತಿಗೆ ಎಲೆಯೆಲ್ಲ ಉದುರಿ, ಬಂಡೆಯ ಬುಡದ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿಯ ತುಂಡು ಸಾಕು. ಕಪ್ಪಾದ ಇಳಿಜಾರನ್ನು ಕಂಡವರು ಕಾಡು ಮುಗಿಯಿತೆಂದು ತಿಳಿಯುತ್ತಾರೆ. ಎರಡು ಹದ ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ಸುಟ್ಟ ಮೋಟುಗಳ ಬುಡ ನೋಡಿದರೆ ಎಳೆಯ ಚಿಗುರು ಕಾಣುತ್ತದೆ.

ಇದು ಎಲೆ ಉದುರಿಸುವ ಒಣ ಕುರುಚಲು ಕಾಡು. ಇಲ್ಲಿನ ಮರಗಳ ಜೀವವಿರುವುದು ಹೆಚ್ಚಾಗಿ ನೆಲದೊಳಗೆ. ದಿಂಡಿಗವನ್ನೇ ತೆಗೆದುಕೊಳ್ಳಿ. ರಾಶಿ ಬೀಜ ಉದುರಿಸಿದರೂ ಬಹುಪಾಲು ಜಳ್ಳು. ನೂರಕ್ಕೆ ಒಂದು ಮೊಳೆತರೆ ಹೆಚ್ಚು. ಬುಡ ಕಡಿದರೆ ಮಾತ್ರ ಕೂಳೆ ಕಬ್ಬಿನಂತೆ ಸುತ್ತಲೂ ಚಿಗುರುತ್ತದೆ. ತುಪ್ರ, ಮುತ್ತುಗ, ಶ್ರೀಗಂಧಗಳಲ್ಲಿ ಬೇರಿಗೆ ಗಾಯವಾದರೆ ಅಲ್ಲಿಂದಲೇ ಹೊಸ ಸಸಿ ಏಳುತ್ತದೆ. ತುಪ್ರದ ಈ ಕಾಟ ಕಾಡಂಚಿನಲ್ಲಿ ಹೊಲ ಉತ್ತವರಿಗೆ ಹೇಳಬೇಕಾಗಿಲ್ಲ. ಹೊನ್ನೆ, ಕಮರದಂಥ ಮರಗಳ ಸಸಿಯದು ಇನ್ನೊಂದು ಬಗೆ. ಬೇಸಿಗೆಗೆ ಮೇಲಿನ ಕಡ್ಡಿ ಒಣಗುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ. ಕೆಲವು ವರ್ಷ ಹೀಗೆ ನಡೆದು, ಬೇರು ಆಳಕ್ಕಿಳಿದು ಬಲಿತ ಮೇಲಷ್ಟೇ ಗಿಡ ಮೇಲೇಳುತ್ತದೆ. ಉಳಿದ ಬಿತ್ತನೆಯನ್ನು ಗಾಳಿ, ಪಿಕಳಾರ ಹಕ್ಕಿ, ಹಣ್ಣು ತಿನ್ನುವ ಕರಡಿ ಮಾಡುತ್ತವೆ.

ಈ ದುರ್ಗ ಇದಕ್ಕಿಂತ ದೊಡ್ಡ ಪೆಟ್ಟನ್ನೂ ತಿಂದಿದೆ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ವಶದಲ್ಲಿದ್ದ ಈ ಕೋಟೆಗೆ ಕಾರ್ನ್‌ವಾಲಿಸನ ಸೇನೆ ಮುತ್ತಿಗೆ ಹಾಕಿದಾಗ ಸುತ್ತಲೂ ದಟ್ಟ ಕಾಡು, ಬಿದಿರು ಮೆಳೆ. ಅದನ್ನು ಕಡಿದು ದಾರಿ ಮಾಡಿಯೇ ಫಿರಂಗಿ ಎಳೆದು ತಂದರು. ಆಮೇಲಿನ ಕಾಲದಲ್ಲಿ ಸೌದೆಗೂ ಇದ್ದಿಲಿಗೂ ಕೊಡಲಿ ಬಿದ್ದಿತು. ಬೇರು ಉಳಿದದ್ದರಿಂದ ಕಾಡೂ ಉಳಿಯಿತು.

ಹಾಗೆಂದು ಎಷ್ಟು ಸಲ ಸುಟ್ಟರೂ ಆದೀತೆ? ಆಗದು. ಚಿಗುರಿಗೆ ಬೇಕಾದ ಆಹಾರ ಬೇರಿನಲ್ಲಿ ಕೂಡಿಟ್ಟದ್ದು. ವರ್ಷ ವರ್ಷವೂ ಬೆಂಕಿ ಬಿದ್ದರೆ, ಚಿಗುರನ್ನು ಆಡು ಮೇಯ್ದರೆ, ಆ ಕೂಡಿಕೆ ಬರಿದಾಗುತ್ತದೆ. ಆಗ ತೆರವಾದ ಜಾಗಕ್ಕೆ ಬರುವುದು ಲಂಟಾನ. ಅದೂ ಸುಟ್ಟ ಬುಡದಿಂದ ಚಿಗುರುವ ಜಾತಿಯೇ, ಮತ್ತು ಆಡು ದನ ಅದನ್ನು ಮುಟ್ಟುವುದಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ಒಣಗಿ ನಿಂತ ಲಂಟಾನವೇ ಅಲ್ಲಿ ಬೆಂಕಿಗೆ ಸೌದೆಯಾಯಿತು. ಮಳೆಗೆ ಹಸಿರೇನೋ ಬರುತ್ತದೆ. ಆ ಹಸಿರು ಯಾವ ಗಿಡದ್ದು ಎಂಬುದನ್ನು ನೋಡಬೇಕು.

ಬೆಂಕಿ ಹಾಕುವವರಿಗೂ ಕಾರಣವಿದೆ. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಎಳೆ ಹುಲ್ಲು ಬೇಗ ಬರುತ್ತದೆ, ದನಕ್ಕೆ ಅದು ಬೇಕು. ಆದರೆ ಬರಿದಾದ ಇಳಿಜಾರಿನಿಂದ ಆ ಮಳೆಯೇ ಬೂದಿಯನ್ನೂ ಮೇಲ್ಮಣ್ಣನ್ನೂ ಕೊಚ್ಚಿ ಕೆಳಗಿನ ಕೆರೆಗೆ, ಹಳ್ಳದ ಮೂಲಕ ಅರ್ಕಾವತಿಗೆ ಒಯ್ಯುತ್ತದೆ. ಬಂಡೆಯ ಮೇಲೆ ಮಣ್ಣಿರುವುದೇ ಗೇಣುದ್ದ. ಹುಲ್ಲನ್ನು ಸುಡುವ ಬದಲು ಕೊಯ್ದು ತರುವುದು ಲಾಭ. ಕಾಯ್ದಿಟ್ಟ ಕಾಡಾದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಬೇಕು. ಅಲ್ಲಿ ಬೆಂಕಿ ಹಾಕುವುದಂತೂ ಅಪರಾಧ.

ಸ್ವಂತ ಬೀಳು ಇರುವವರು ಸಸಿ ಕೊಳ್ಳುವುದಕ್ಕೆ ಮುಂಚೆ ನೆಲದಲ್ಲಿ ಯಾವ ಮೋಟು ಜೀವಂತವಾಗಿವೆ ಎಂದು ಹುಡುಕುವುದು ಒಳ್ಳೆಯದು. ಹಳೆಯ ಬುಡವನ್ನು ಅಗೆದು ತೆಗೆಯಬಾರದು. ಮೊದಲ ಮೂರು ನಾಲ್ಕು ವರ್ಷ ಆಡು ನುಗ್ಗದಂತೆ ಮುಳ್ಳು ಬೇಲಿ ಬೇಕು. ಎರಡನೆಯ ವರ್ಷ ಬುಡಕ್ಕೆ ಒಂದೋ ಎರಡೋ ನೆಟ್ಟನೆಯ ಚಿಗುರು ಉಳಿಸಿ ಮಿಕ್ಕದ್ದನ್ನು ಸವರಿದರೆ ಮರ ಬೇಗ ದಪ್ಪವಾಗುತ್ತದೆ. ಲಂಟಾನವನ್ನು ಮೇಲೆ ಕಡಿದು ಪ್ರಯೋಜನವಿಲ್ಲ. ನೆಲ ಮೆತ್ತಗಿರುವಾಗ, ಹಣ್ಣಾಗುವುದಕ್ಕೆ ಮೊದಲು, ಎರಡು ಮೂರು ಅಂಗುಲ ಕೆಳಗೆ ಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಮುಂದಿನ ಮಳೆಗೂ ಬೀಜ ಮೊಳೆಯುತ್ತದೆ. ಅವನ್ನು ಕೈಯಲ್ಲೇ ಕೀಳಬಹುದು.